ಆಗ್ತದಾ, ಕೂರ್ತದಾ, ಹಿಡೀತದಾ: 'ಕಂಪ್ಯಾಟಿಬಲ್' ಅನ್ನಲು ನಿಮ್ಮಲ್ಲಿ ಯಾವ ಪದ?

ಗೆಳೆಯರೇ, ಒಂದು ಪದದ ಬಗ್ಗೆ ಕೇಳಬೇಕಿತ್ತು. 'ಕಂಪ್ಯಾಟಿಬಲ್', ಅಂದರೆ ಒಂದು ಭಾಗ ಇನ್ನೊಂದಕ್ಕೆ ಸರಿಹೊಂದುವುದು, ಅನ್ನುವುದಕ್ಕೆ ನಿಮ್ಮ ಊರಲ್ಲಿ ಏನು ಹೇಳುತ್ತೀರಿ? ಪುಸ್ತಕದಲ್ಲಿ ಬರೆಯುವಾಗ ಅಲ್ಲ, ಅಂಗಡಿಯ ಮೇಜಿನ ಮುಂದೆ ನಿಂತು 'ಇದು ಅದಕ್ಕೆ...' ಅಂತ ಬಾಯಿ ತೆರೆದಾಗ ಬರುವ ಮಾತು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಡಿಟಿಪಿ ಕೆಲಸ ನನ್ನದು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಹೀಗೆ ದಿನವಿಡೀ ಕನ್ನಡ ಅಕ್ಷರದ ಜೊತೆಗೇ ಇರುತ್ತೇನೆ. ಹಳೆ ಕಂಪ್ಯೂಟರ್ ಕೈಕೊಟ್ಟಿತು. ಈ ಸಲ ಭಾಗ ಭಾಗ ತಂದು ನಾನೇ ಒಂದು ಡೆಸ್ಕ್‌ಟಾಪ್ ಕಟ್ಟುವುದು ಅಂತ ಹೊರಟೆ. ಮಂಗಳೂರಿನಲ್ಲಿ ಓದುವ ಅಕ್ಕನ ಮಗ ಜೊತೆಗಿದ್ದ. ಕಟ್ಟಿ ಆಯಿತು, ಈಗ ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ. ಆದರೆ ನಡುವೆ ಎರಡು ಸಲ ಎಡವಿದೆ. ಅದರಲ್ಲಿ ಮೊದಲ ಸಲ ಎಡವಿದ್ದು ಒಂದು ಪದದಿಂದ ಅಂತ ನನಗೆ ಈಗ ಅನ್ನಿಸುತ್ತಿದೆ.

ಆ ಪದ 'ಆಗ್ತದೆ'.

ನಮ್ಮ ಕಡೆ ಎಲ್ಲದಕ್ಕೂ ಇದೇ. ತುಳುವಿನವರು 'ಆಪುಂಡು, ಆಪುಜಿ' ಅನ್ನುತ್ತಾರೆ, ನಮ್ಮ ಹವ್ಯಕ ಮಾತಿನಲ್ಲಿ 'ಆವುತ್ತು, ಆವುತ್ತಿಲ್ಲೆ'. ನಾನು ರೈಜನ್ 5 5600ಜಿ ಪ್ರೊಸೆಸರ್ ತೆಗೆದುಕೊಂಡಿದ್ದೆ. ಅದರೊಳಗೇ ಗ್ರಾಫಿಕ್ಸ್ ಇದೆ, ನನ್ನ ಕೆಲಸಕ್ಕೆ ಬೇರೆ ಕಾರ್ಡ್ ಬೇಡ. ಮದರ್‌ಬೋರ್ಡ್ ಮಾತ್ರ ಸೆಕೆಂಡ್ ಹ್ಯಾಂಡ್, ಬಿ450 ಚಿಪ್‌ಸೆಟ್‌ನದು. ಕೊಡುವವರನ್ನು ಕೇಳಿದೆ, 'ಇದಕ್ಕೆ ಈ ಪ್ರೊಸೆಸರ್ ಆಗ್ತದಾ?' 'ಎಎಂ4 ಅಲ್ವಾ, ಆಗ್ತದೆ' ಅಂದರು. ಎಎಂ4 ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು. ಅವರು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದೇ ಸರಿ ಇರಲಿಲ್ಲ.

ಮನೆಗೆ ತಂದು ಕೂರಿಸಿದೆ. ಸಾಕೆಟ್‌ನ ಪಕ್ಕದ ಸಣ್ಣ ಸರಳನ್ನು ಮೇಲೆತ್ತಿ, ಪ್ರೊಸೆಸರ್‌ನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಸರಿಯಾಗಿ ಹಿಡಿದು, ಸುಮ್ನೆ ಬಿಟ್ಟೆ. ಒತ್ತಲೇ ಇಲ್ಲ. ಅಡಿಯಲ್ಲಿರುವ 1331 ಪಿನ್ನೂ ತಾವಾಗಿಯೇ ತೂತಿಗೆ ಇಳಿದವು. ಇದಕ್ಕೆ 'ಕೂರುವುದು' ಅನ್ನುವ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಬಾಗಿಲು ಚೌಕಟ್ಟಿಗೆ ಕೂರುತ್ತದೆ, ಮುಚ್ಚಳ ಡಬ್ಬಿಗೆ ಕೂರುತ್ತದೆ, ಹಾಗೆಯೇ ಇದೂ ಕೂತಿತು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ಕೇಬಲ್ ಬದಲಿಸಿ ನೋಡಿದೆವು, ರ‍್ಯಾಮ್ ತೆಗೆದು ಹಾಕಿ ನೋಡಿದೆವು, ರಾತ್ರಿ ಹನ್ನೊಂದಾದರೂ ಕಪ್ಪೇ.

ಕಾರಣ ಸರಳ. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ಈ ಪ್ರೊಸೆಸರ್ ಬಂದದ್ದು 2021ರಲ್ಲಿ. ಸಾಕೆಟ್ ಒಂದೇ, ಆದರೆ ಬೋರ್ಡಿನೊಳಗಿನ ಬಯಾಸ್, ಅಂದರೆ ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶ, ಹಳೆಯದು, ಅದಕ್ಕೆ ಈ ಹೊಸ ಪ್ರೊಸೆಸರ್‌ನ ಗುರುತೇ ಇಲ್ಲ. ಮರುದಿನ ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಬೋರ್ಡನ್ನು ಕೊಂಡುಹೋದೆ. ಅಲ್ಲಿಯ ಹುಡುಗ ಒಂದು ಹಳೆ ರೈಜನ್ ಹಾಕಿ, ಪೆನ್‌ಡ್ರೈವ್‌ನಿಂದ ಬಯಾಸ್ ಹೊಸದು ಮಾಡಿ, ಮತ್ತೆ ನನ್ನದನ್ನು ಹಾಕಿದ. ಪರದೆ ಬೆಳಗಿತು. ಆಗ ನನ್ನ ಬಾಯಲ್ಲಿ ತಾನಾಗಿ ಬಂದ ಮಾತು, 'ಹಾ, ಹಿಡೀತು!'

ಈ 'ಹಿಡೀತು' ನಮ್ಮ ತೋಟದ ಮಾತು. ಕರಿಮೆಣಸಿಗೆ ಸೊರಗು ರೋಗ ಬಾರದಿರಲಿ ಅಂತ ನಮ್ಮಲ್ಲಿ ಕೆಲವರು ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಮೆಣಸಿನ ಬಳ್ಳಿ ಕಸಿ ಕಟ್ಟುತ್ತಾರೆ. ಸೀಳಿದ ಬುಡದಲ್ಲಿ ಕುಡಿಯನ್ನು ಕೂರಿಸಿ, ಪ್ಲಾಸ್ಟಿಕ್ ಸುತ್ತಿ, ನೆರಳಲ್ಲಿ ಇಟ್ಟರೆ ಆ ದಿನವೇ ನೋಡುವುದಕ್ಕೆ ಎರಡೂ ಒಂದೇ ಗಿಡದ ಹಾಗೆ ಕಾಣುತ್ತದೆ. ಆದರೆ ಯಾರೂ 'ಹಿಡೀತು' ಅನ್ನುವುದಿಲ್ಲ. ಹೊಸ ಚಿಗುರು ಬರಬೇಕು, ಆಮೇಲೆ 'ಹಿಡೀತು'. ಕೂರುವುದು ಬೇರೆ, ಹಿಡಿಯುವುದು ಬೇರೆ. ನನ್ನ ಪ್ರೊಸೆಸರ್ ಕೂತಿತ್ತು, ಹಿಡಿದಿರಲಿಲ್ಲ. ನಾನು ಅವತ್ತು 'ಆಗ್ತದಾ' ಅನ್ನುವ ಬದಲು 'ಹಿಡೀತದಾ' ಅಂತ ಕೇಳಿದ್ದರೆ, ಕೊಡುವವರಿಗೂ ಬಯಾಸ್‌ನ ನೆನಪು ಬರುತ್ತಿತ್ತೋ ಏನೋ.

ಇನ್ನೊಂದು ಎಡವಿದ್ದು ರ‍್ಯಾಮ್‌ನಲ್ಲಿ. ಅಕ್ಕನ ಮಗ ಮಂಗಳೂರಿನಿಂದ ಬರುವಾಗ ಡಿಡಿಆರ್5 ತಂದುಬಿಟ್ಟ, ನಮಗೆ ಬೇಕಾದದ್ದು ಅದಕ್ಕಿಂತ ಹಿಂದಿನ ತಲೆಮಾರಿನ ಡಿಡಿಆರ್4. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿದೆ. ಉದ್ದ ಒಂದೇ, ಎರಡಕ್ಕೂ 288 ಪಿನ್ನು. ಆದರೆ ಅಡಿಯಲ್ಲಿ ಒಂದು ಕಚ್ಚು ಇರುತ್ತದಲ್ಲ, ಅದು ಮಾತ್ರ ಸ್ವಲ್ಪ ಪಕ್ಕಕ್ಕೆ. ಬಡಗಿಗಳು ಮರಕ್ಕೆ ಹಾಕುವ ಕಚ್ಚು ಅನ್ನುವ ಪದವನ್ನೇ ಬಳಸುತ್ತಿದ್ದೇನೆ, ಇದಕ್ಕೆ ಅದಕ್ಕಿಂತ ಒಳ್ಳೆಯ ಪದ ನನಗೆ ಕಾಣುವುದಿಲ್ಲ. ಸ್ಲಾಟ್‌ನೊಳಗಿನ ಅಡ್ಡಗಟ್ಟು ಆ ಕಚ್ಚಿಗೆ ಸರಿಯಾಗಿ ಬರದಿದ್ದರೆ ರ‍್ಯಾಮ್ ಒಳಗೆ ಹೋಗುವುದೇ ಇಲ್ಲ. ಹೀಗೆ ಮಾಡಿದ್ದು ಬೇಕೆಂದೇ, ತಪ್ಪಿ ಯಾರೂ ಹಾಕಬಾರದು ಅಂತ. ಇಲ್ಲಿ 'ಹಿಡಿಯುವ' ಪ್ರಶ್ನೆಯೇ ಬರುವುದಿಲ್ಲ, ಕೂರುವುದೇ ಇಲ್ಲ.

ಅಂದರೆ ಇಂಗ್ಲಿಷಿನ ಒಂದೇ ಪದದೊಳಗೆ ನಮ್ಮ ಎರಡು ಮೂರು ಪದಗಳು ಅಡಗಿ ಕೂತಿವೆ. ಕ್ಯಾಬಿನೆಟ್ ಕೊಳ್ಳುವಾಗ ಇನ್ನೊಂದು ಪದ ಸಿಕ್ಕಿತು, 'ಹಿಡಿಸುವುದು'. ಎಟಿಎಕ್ಸ್ ಅನ್ನುವ ಅಳತೆಯ ಬೋರ್ಡ್ 305 ಮಿಲಿಮೀಟರ್ ಉದ್ದ, 244 ಅಗಲ. ನನ್ನದು ಮೈಕ್ರೋ ಎಟಿಎಕ್ಸ್, ಹೆಚ್ಚೆಂದರೆ 244ಕ್ಕೆ 244. ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಬೋರ್ಡ್ ಹಿಡಿಸುವುದಿಲ್ಲ, ಎತ್ತರದ ಕೂಲರ್ ಹಿಡಿಸುವುದಿಲ್ಲ. ಚೀಲದಲ್ಲಿ ಅಕ್ಕಿ ಹಿಡಿಸುವ ಹಾಗೆ, ಇದು ಜಾಗದ ಲೆಕ್ಕ. ಕರೆಂಟ್ ಕೊಡುವ ಎಸ್‌ಎಂಪಿಎಸ್‌ಗೆ ಬಂದರೆ 'ಸಾಲುವುದು'. ನನ್ನ ಪ್ರೊಸೆಸರ್ 65 ವ್ಯಾಟ್‌ನದು, ಮುಂದೆ ಆರ್‌ಟಿಎಕ್ಸ್ 4060 ತರಹದ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಅದೊಂದಕ್ಕೇ 115 ವ್ಯಾಟ್ ಬೇಕು, ಸಾಲ್ತದಾ? ಇದನ್ನು ಹೊಂದಾಣಿಕೆ ಅಂದರೆ ವಿಷಯ ಮಸುಕಾಗುತ್ತದೆ.

'ಹೊಂದಾಣಿಕೆ' ಬಗ್ಗೆ ನನ್ನ ತಕರಾರು ಹೇಳಿಬಿಡುತ್ತೇನೆ. ಕನ್ನಡಕ್ಕೆ ತಂದ ತಂತ್ರಾಂಶಗಳಲ್ಲಿ 'ಹೊಂದಾಣಿಕೆಯಾಗುವುದಿಲ್ಲ' ಅಂತ ಬರುವುದನ್ನು ನೋಡಿದ್ದೇನೆ. ಆದರೆ ನನ್ನ ಕಿವಿಗೆ ಹೊಂದಾಣಿಕೆ ಅಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗುವುದು. ಗಂಡ ಹೆಂಡತಿ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ, ಅಣ್ಣ ತಮ್ಮಂದಿರು ಗಡಿಯ ವಿಷಯದಲ್ಲಿ ಹೊಂದಾಣಿಕೆಗೆ ಬರುತ್ತಾರೆ. ರ‍್ಯಾಮ್ ಎಲ್ಲಿ ಬಗ್ಗುತ್ತದೆ? ಅದರ ಕಚ್ಚು ಕೂದಲೆಳೆಯಷ್ಟು ಸರಿದರೂ ಒಳಗೆ ಹೋಗದು. 'ಹೊಂದುತ್ತದೆ' ಅಂತ ಬರಿದೇ ಬರೆದರೆ ಪರವಾಗಿಲ್ಲ, ಆ ಕ್ರಿಯಾಪದ ಒಳ್ಳೆಯದೇ. ಅದಕ್ಕೆ 'ಆಣಿಕೆ' ಬಂದು ಸೇರಿದಾಗಲೇ ರಾಜಿಯ ವಾಸನೆ ಬರುವುದು.

ಈಗ ನನ್ನ ಮನಸ್ಸಿನಲ್ಲಿ ಕೂತಿರುವ ಪದಕ್ಕೆ ಬರುತ್ತೇನೆ. ಬಯಾಸ್ ಸರಿ ಮಾಡಿದ ಆ ಹುಡುಗ ಮಲಯಾಳಿ. ಅವನ ಹತ್ತಿರ ಒಬ್ಬರು ಯಾವುದೋ ರ‍್ಯಾಮ್ ಹಿಡಿದುಕೊಂಡು 'ಚೇರುಮೋ?' ಅಂತ ಕೇಳಿದರು. ಅವನು ನೋಡಿ, 'ಚೇರುಂ' ಅಂದ. ಎಷ್ಟು ಸಣ್ಣ, ಎಷ್ಟು ಚಂದದ ಮಾತು! ಅದು ನಮ್ಮ 'ಸೇರು' ತಾನೇ? ಮಲಯಾಳದ 'ಚುಡು' ನಮ್ಮಲ್ಲಿ 'ಸುಡು' ಆಗುವ ಹಾಗೆ ಅಲ್ಲಿಯ 'ಚೇರು' ಇಲ್ಲಿ 'ಸೇರು'. ನಾವು ಮಾತ್ರ 'ಸೇರು' ಅನ್ನುವುದನ್ನು ಊರು ಸೇರುವುದಕ್ಕೆ, ಶಾಲೆಗೆ ಸೇರುವುದಕ್ಕೆ ಬಿಟ್ಟುಬಿಟ್ಟಿದ್ದೇವೆ ಅಂದುಕೊಂಡೆ. ಬಸ್ಸಿನಲ್ಲಿ ಮನೆಗೆ ಬರುತ್ತಾ ಯೋಚಿಸಿದರೆ ಹಾಗೇನೂ ಇಲ್ಲ. ಜ್ವರ ಬಂದವನಿಗೆ 'ಊಟ ಸೇರುವುದಿಲ್ಲ' ಅನ್ನುತ್ತೇವೆ. 'ಅವರಿಬ್ಬರಿಗೂ ಸೇರುವುದಿಲ್ಲ' ಅನ್ನುತ್ತೇವೆ. ಅಲ್ಲಿ ಇರುವುದು ಇದೇ ಅರ್ಥ ಅಲ್ವಾ?

ಇನ್ನೂ ಒಂದು ಸಂಗತಿ ಕಾಣಿಸಿತು. ಈ ಪದಗಳೆಲ್ಲ ವಸ್ತುವಿಗೂ ನಡೆಯುತ್ತವೆ, ಮನಸ್ಸಿಗೂ ನಡೆಯುತ್ತವೆ. ಚೀಲದಲ್ಲಿ ಅಕ್ಕಿ ಹಿಡಿಸುತ್ತದೆ, ಆ ಹಾಡು ನನಗೆ ಹಿಡಿಸಿತು. ಆ ಸೀರೆ ಅವಳಿಗೆ ಒಪ್ಪುತ್ತದೆ, ಅವಳು ಮಾತಿಗೆ ಒಪ್ಪುತ್ತಾಳೆ. ಊರು ಬಿಟ್ಟು ಹೋದವರಿಗೆ ಅಲ್ಲಿಯ ನೀರು ಒಗ್ಗುವುದಿಲ್ಲ, ಅಲ್ಲಿಯ ಜನವೂ ಒಗ್ಗುವುದಿಲ್ಲ. ಇಂಗ್ಲಿಷ್ ಪದದ ಲ್ಯಾಟಿನ್ ಬೇರಿನಲ್ಲೂ 'ಜೊತೆಯಾಗಿ ಅನುಭವಿಸು, ಸಹಿಸು' ಅನ್ನುವ ಅರ್ಥವೇ ಇದೆ. ಹಾಗಾದರೆ ನಾವು ಕಂಪ್ಯೂಟರ್ ಭಾಗಗಳಿಗೆ 'ಸೇರುತ್ತದೆ' ಅಂದರೆ ಅದು ಎಳೆದು ತಂದದ್ದು ಆಗುವುದಿಲ್ಲ.

ನನ್ನ ಈಗಿನ ಅಭಿಪ್ರಾಯ ಇಷ್ಟು. ಒಟ್ಟಾಗಿ ಹೇಳುವಾಗ 'ಸೇರುತ್ತದೆ, ಸೇರುವುದಿಲ್ಲ'. ಬಿಡಿಸಿ ಕೇಳುವಾಗ ಕೂರ್ತದಾ, ಹಿಡೀತದಾ, ಹಿಡಿಸ್ತದಾ, ಸಾಲ್ತದಾ. 'ಈ ಬೋರ್ಡಿಗೆ ಸೇರುವ ರ‍್ಯಾಮ್' ಅಂತ ಬರೆದು ನೋಡಿದೆ, ಕಣ್ಣಿಗೆ ಕುತ್ತಲಿಲ್ಲ. ಆದರೆ ಒಂದು ಅನುಮಾನ ಇದೆ. 'ಈ ಬೋರ್ಡಿಗೆ ಸೇರಿದ ರ‍್ಯಾಮ್' ಅಂದರೆ ಅದರದ್ದೇ ರ‍್ಯಾಮ್, ಅದರ ಸೊತ್ತು ಅಂತ ಅರ್ಥ ಬಂದುಬಿಡುತ್ತದೆ. 'ಸೇರುವ' ಮತ್ತು 'ಸೇರಿದ' ನಡುವೆ ಇಷ್ಟು ದೂರ ಇರುವಾಗ ಓದುವವರಿಗೆ ಗೊಂದಲ ಆಗುತ್ತದಾ? ಘಟ್ಟದ ಮೇಲಿನವರ ಕಿವಿಗೆ ಇದು ಹೇಗೆ ಕೇಳುತ್ತದೆ ಅಂತ ತಿಳಿಯುವ ಆಸೆ ನನಗೆ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು, ಹೊಸೂರಿನವರು, ಆದವಾನಿ, ಮಡಕಶಿರದವರು ದಯವಿಟ್ಟು ಹೇಳಿ. ನಿಮ್ಮಲ್ಲೂ ಪಕ್ಕದ ಭಾಷೆ ಕಿವಿಗೆ ಬೀಳುತ್ತಲೇ ಇರುತ್ತದೆ. ಮರಾಠಿಯವರ, ತೆಲುಗಿನವರ, ತಮಿಳಿನವರ ಅಂಗಡಿಯಲ್ಲಿ ನಿಂತು ನೀವು ಕನ್ನಡದಲ್ಲಿ ಇದನ್ನು ಹೇಗೆ ಕೇಳುತ್ತೀರಿ? ಕಂಪ್ಯೂಟರೇ ಆಗಬೇಕೆಂದಿಲ್ಲ. ಪಂಪಿಗೆ ಪೈಪು, ಟ್ರ್ಯಾಕ್ಟರಿಗೆ ಬೇರಿಂಗು, ಯಾವುದಾದರೂ ಸರಿ. ಬಾಯಿಗೆ ಬಂದ ಹಾಗೆಯೇ ಬರೆಯಿರಿ, ತಿದ್ದಬೇಡಿ.