ಇಡೀ ಮೊಲ ತಂದಿದ್ದೇನೆ, ಇಲ್ಲಿನವರ ಥರ ಕರಿಯೋದು ಹೇಗೆ?

ಹಾಸನದ ಹುಡುಗ:
ನಾನಿರುವುದು ಜಾರ್ಜಿಯಾದಲ್ಲಿ, ಅಟ್ಲಾಂಟಾ ಹತ್ತಿರ. ಶನಿವಾರದ ಸಂತೆಯಲ್ಲಿ ಮೊಲ ಸಾಕುವವರೊಬ್ಬರಿಂದ ಒಂದು ಇಡೀ ಮೊಲ ತಂದೆ. ಚರ್ಮ ಸುಲಿದು, ಕ್ಲೀನ್ ಮಾಡಿ ಕೊಟ್ಟಿದ್ದಾರೆ. ಎರಡೂವರೆ ಪೌಂಡ್ ಇದೆ. ನಾಟಿ ಕೋಳಿ ಆಗಿದ್ದರೆ ಸಾರು ಮಾಡಿ ಮುದ್ದೆ ತೊಳಸುತ್ತಿದ್ದೆ. ಇದನ್ನು ಇಲ್ಲಿನ ಹಳ್ಳಿಯವರ ಥರ ಮೈದಾ ಹಚ್ಚಿ ಕರಿಯುವ ಆಸೆ. ಫ್ರೈಡ್ ಚಿಕನ್ ಮಾಡಿ ಅಭ್ಯಾಸ ಇದೆ. ಹಾಗೇ ಮಾಡಿದರೆ ಸಾಕಾ? ಮೊದಲು ಬೇಯಿಸಿಕೊಂಡು ಆಮೇಲೆ ಕರಿ ಅಂತಲೂ ಕೆಲವರು ಹೇಳುತ್ತಾರೆ. ಭಾನುವಾರ ನಾಲ್ಕು ಜನ ಊಟಕ್ಕೆ ಬರುತ್ತಾರೆ.

ಚಟನೂಗಾ ಅಕ್ಕ:
ತಮ್ಮಾ, ಎರಡೂವರೆ ಪೌಂಡ್ ಅಂದರೆ ಎಳೆ ಮೊಲ. ಇಲ್ಲಿ ಅದನ್ನು ಫ್ರೈಯರ್ ಅಂತಲೇ ಮಾರುತ್ತಾರೆ. ಹೆಚ್ಚುಕಮ್ಮಿ 12 ವಾರದೊಳಗಿನದು. ಬೇಯಿಸುವ ಗೋಜೇ ಬೇಡ.

ಆದರೆ ಚಿಕನ್ ಲೆಕ್ಕ ಇದಕ್ಕೆ ಹಾಕಬೇಡ. ಕೋಳಿಗೆ ಚರ್ಮ ಇದೆ, ಅದರಡಿ ಕೊಬ್ಬಿದೆ. ಎರಡು ನಿಮಿಷ ಹೆಚ್ಚಾದರೂ ನಡೆಯುತ್ತದೆ. ಮೊಲದಲ್ಲಿ ಎರಡೂ ಇಲ್ಲ. ಸ್ವಲ್ಪ ಯಾಮಾರಿದರೆ ಒಣಗಿ ನಾರಾಗುತ್ತದೆ.

ಮಚ್ಚಿನಲ್ಲಿ ಕೊಚ್ಚಬೇಡ. ಮೂಳೆ ಸಣ್ಣದು, ಸೀಳಿ ಸೂಜಿ ಥರ ಹಲ್ಲಿಗೆ ಚುಚ್ಚುತ್ತದೆ. ಮುಂಗಾಲು ಮೈಗೆ ಮೂಳೆಯಿಂದ ಕೂಡಿಕೊಂಡೇ ಇರುವುದಿಲ್ಲ. ಪಕ್ಕೆಲುಬಿನ ಮೇಲೆ ಚಾಕು ಆಡಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಿಂದಿನ ತೊಡೆಯನ್ನು ಹಿಂದಕ್ಕೆ ಬಗ್ಗಿಸು, ಕೀಲು ಲಟಕ್ ಅಂದ ಕಡೆ ಕೊಯ್ಯಿ. ಸೊಂಟದ ಭಾಗವನ್ನು ಅಡ್ಡಕ್ಕೆ ಮೂರು ತುಂಡು ಮಾಡು. ಪಕ್ಕೆಲುಬು, ಕತ್ತು ಸೂಪಿಗೆ ಇರಲಿ.

ಎರಡು ಕಪ್ ಬಟರ್‌ಮಿಲ್ಕ್, ಎರಡು ಟೀ ಚಮಚ ಉಪ್ಪು, ಖಾರದ ಪುಡಿ, ಬೆಳ್ಳುಳ್ಳಿ ಪುಡಿ. ಇದರಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಯಲಿ. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಬೇಡ, ಎಣ್ಣೆಯಲ್ಲಿ ಸೀದು ಕಹಿಯಾಗುತ್ತದೆ. (ನಮ್ಮವರ ಕೈ ಸುಮ್ನಿರಲ್ಲ, ಗೊತ್ತು.)

ಹಿಟ್ಟಿಗೆ ನಾನು ವೈಟ್ ಲಿಲಿ ಬಿಟ್ಟು ಬೇರೆ ತರುವುದಿಲ್ಲ. ನಮ್ಮ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ 1883ರಲ್ಲಿ ಶುರುವಾದದ್ದು. ಮೆತ್ತನೆ ಗೋಧಿಯ ಹಿಟ್ಟು, ಹೊರಪದರ ಗಟ್ಟಿಯಾಗುವುದಿಲ್ಲ. ಉಪ್ಪು, ಕಾಳುಮೆಣಸಿನ ಪುಡಿ ಕಲಸಿ ತುಂಡುಗಳನ್ನು ಹೊರಳಿಸು. ಆಮೇಲೆ ಜಾಲರಿ ಮೇಲೆ 20 ನಿಮಿಷ ಬಿಡು. ಬಿಳಿ ಹಿಟ್ಟು ಎಲ್ಲೂ ಕಾಣದ ಹಾಗೆ ತೇವ ಎಳೆದುಕೊಂಡ ಮೇಲೆಯೇ ಬಾಣಲೆಗೆ. ಅವಸರ ಮಾಡಿದರೆ ಪದರವೆಲ್ಲ ಎಣ್ಣೆಯಲ್ಲೇ ಕಳಚುತ್ತದೆ.

ಕಾಸ್ಟ್ ಐರನ್ ಬಾಣಲೆ, ಕಡಲೆಕಾಯಿ ಎಣ್ಣೆ, ತುಂಡು ಅರ್ಧ ಮುಳುಗುವಷ್ಟು. 325 ಡಿಗ್ರಿ ಫ್ಯಾರನ್‌ಹೀಟ್, ಅದಕ್ಕಿಂತ ಜಾಸ್ತಿ ಬೇಡ. ತೊಡೆ ಮೊದಲು, ಮಗುಚಿ ಮಗುಚಿ 12ರಿಂದ 15 ನಿಮಿಷ. ಸೊಂಟದ ತುಂಡುಗಳನ್ನು ಕೊನೆಗೆ ಹಾಕು, ಬೇಗ ಆಗುತ್ತವೆ. ಥರ್ಮಾಮೀಟರ್ ಚುಚ್ಚಿದಾಗ ಒಳಗೆ 160 ಡಿಗ್ರಿ ತೋರಿಸಿದರೆ ತೆಗೆ.

ಮೂರು ದೊಡ್ಡ ಚಮಚ ಎಣ್ಣೆ ಉಳಿಸಿ ಮಿಕ್ಕಿದ್ದು ಬಸಿ. ತಳದ ಚೂರುಗಳು ಹಾಗೇ ಇರಲಿ, ರುಚಿಯೆಲ್ಲ ಅಲ್ಲೇ. ಮೂರು ದೊಡ್ಡ ಚಮಚ ಮೈದಾ ಹುರಿದು, ಎರಡು ಕಪ್ ಹಾಲು, ಧಾರಾಳ ಕಾಳುಮೆಣಸು. ಗ್ರೇವಿ ರೆಡಿ.

ಆಮೇಲೆ, ನಾಲ್ಕು ಜನಕ್ಕೆ ಒಂದು ಮೊಲ ಸಾಲದು. ತೊಡೆ ಇರುವುದೇ ಎರಡು.

ಬಯೂ ಗೌಡ:
ಅಕ್ಕ ಹೇಳಿದ್ದು ಸಾಕಿದ ಮೊಲದ ಮಾತು. ನಾವು ಲೂಯಿಸಿಯಾನದಲ್ಲಿರುವುದು. ಇಲ್ಲಿ ಆಫೀಸಿನವರು ಚಳಿಗಾಲದಲ್ಲಿ ಬೇಟೆಯ ಮೊಲ ತಂದುಕೊಡುತ್ತಾರೆ. ಹಾಗೆ ಸಿಕ್ಕಿದರೆ ಕ್ಲೀನ್ ಮಾಡುವಾಗ ಗ್ಲೌಸ್ ಹಾಕಿಕೊಳ್ಳಿ. ಟುಲರೀಮಿಯಾ ಅನ್ನುವ ಜ್ವರ ಕೈಯ ಗಾಯದಿಂದಲೂ ಅಂಟುತ್ತದೆ. ಮಾಂಸದಲ್ಲಿ ಬಂದೂಕಿನ ಚರೆ (ಸಣ್ಣ ಗುಂಡು) ಉಳಿದಿದೆಯಾ ಅಂತ ಬೆರಳಾಡಿಸಿ ನೋಡಿ. ಅಂಥದ್ದನ್ನು ಇಲ್ಲಿ ಬರೀ ಕರಿದು ತಿನ್ನುವುದು ಕಡಿಮೆ. ಎಣ್ಣೆಯಲ್ಲಿ ಕೆಂಪಗೆ ಮಾಡಿಕೊಂಡು, ಅದೇ ಪಾತ್ರೆಯಲ್ಲಿ ಈರುಳ್ಳಿ ಹುರಿದು, ಹಿಟ್ಟು, ನೀರು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಡುತ್ತಾರೆ.

ಜಯನಗರ 4ನೇ ಬ್ಲಾಕ್:
ಬೆಂಗಳೂರಲ್ಲಿ ಬಟರ್‌ಮಿಲ್ಕ್ ಬದಲು ಮಜ್ಜಿಗೆ ಆಗುತ್ತಾ ಅಕ್ಕ?

ಚಟನೂಗಾ ಅಕ್ಕ:
ನೀರಾಗುತ್ತದೆ, ಹಿಟ್ಟು ಹಿಡಿಯಲ್ಲ. ಗಟ್ಟಿ ಮೊಸರಿಗೆ ಸ್ವಲ್ಪ ಹಾಲು ಹಾಕಿ ಕಡೆದುಕೊಳ್ಳಿ. ಫಾರ್ಮಿನ ಮೊಲ ಮಾತ್ರ ತನ್ನಿ. ಹೊಲದ ಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಹಾಸನದ ಹುಡುಗ:
ಥ್ಯಾಂಕ್ಸ್ ಅಕ್ಕ. ಸಂತೆಯವರಿಗೆ ಮೆಸೇಜ್ ಮಾಡಿದೆ. ಇನ್ನೊಂದು ಇದೆಯಂತೆ, ಆದರೆ ಐದು ಪೌಂಡಿಂದು. ತರಲಾ?

ಚಟನೂಗಾ ಅಕ್ಕ:
ತಾ, ಆದರೆ ಕರಿಯಬೇಡ, ಬಲಿತದ್ದು ಅದು. ಗೌಡರು ಹೇಳಿದ ಥರ ಶನಿವಾರ ರಾತ್ರಿಯೇ ಈರುಳ್ಳಿ ಗ್ರೇವಿ ಮಾಡಿಡು. ಅದಕ್ಕೆ ಅನ್ನ, ಕರಿದದ್ದಕ್ಕೆ ಬಿಸ್ಕಿಟ್. ಇಲ್ಲಿನ ಮೆತ್ತನೆ ಬಿಸ್ಕಿಟ್, ಟೀಗೆ ಅದ್ದುವುದಲ್ಲ!