ನಾಮಪದಕ್ಕೆ ಪೂರ್ವಪ್ರತ್ಯಯ ಹಚ್ಚಿ ಕ್ರಿಯಾಪದ ಮಾಡುವುದು: ಕೃತಕ ಭಾಷೆಯಲ್ಲಿ ನಿಯಮ ಹೇಗಿರಬೇಕು?

ಹೊಸನುಡಿ: ನಾನು ಕಟ್ಟುತ್ತಿರುವ ಭಾಷೆಯಲ್ಲಿ ನಾಮಪದದ ಮೊದಲಿಗೆ ‘ಎನ್’ ಸೇರಿಸಿದರೆ ಸಾಕು, ಅದು ಕ್ರಿಯಾಪದ. ‘ತೆರ್’ ಮಣ್ಣಾದರೆ ‘ಎನ್‌ತೆರ್’ ಹೂಳು. ಎಸ್ಪೆರಾಂಟೊ ಎಂಬ ಹೆಸರಾಂತ ಕೃತಕ ಭಾಷೆಯಲ್ಲೂ ಹೀಗೇ ಅಲ್ಲವೇ? ಎರಡು ಮೂರು ಪ್ರತ್ಯಯ ಕೂಡಿದಾಗ ಪದವನ್ನು ಎಲ್ಲಿ ಬಿಡಿಸಬೇಕೆಂಬುದೂ ಗೊಂದಲ.

ಧಾತುಗಣ: ಅಲ್ಲ. ಎಸ್ಪೆರಾಂಟೊದಲ್ಲಿ ಪದದ ವರ್ಗ ಹೇಳುವುದು ಕೊನೆಯ ಸ್ವರ: ‘ಒ’ ಬಂದರೆ ನಾಮಪದ, ‘ಇ’ ಬಂದರೆ ಕ್ರಿಯೆ. ಹೂಳುವುದಕ್ಕೆ ಅಲ್ಲಿ ಎನ್ (ಒಳಗೆ) + ತೆರ್ + ಇಗ್ + ಇ. ಈ ‘ಇಗ್’ ನಮ್ಮ ‘ಇಸು’ ಇದ್ದಂತೆ. ತಾನಾಗಿ ಆಗುವ ಕ್ರಿಯೆಗೆ ‘ಇಜ್’: ಎನ್ + ಲಿತ್ + ಇಜ್ + ಇ, ಹಾಸಿಗೆ ಸೇರು. ಸೆನ್ (ಇಲ್ಲದೆ) + ಹೌತ್ + ಇಗ್ + ಇ, ಚರ್ಮ ಸುಲಿ. ಪೂರ್ವಪ್ರತ್ಯಯ ಕೊಡುವುದು ಅರ್ಥ, ಅಷ್ಟೇ. ನಿಮ್ಮ ನಿಯಮಕ್ಕೆ ಹತ್ತಿರದ್ದು ಇಂಗ್ಲಿಷಿನ ‘ಎನ್‌ಸ್ಲೇವ್’, ‘ಎನ್‌ಸರ್ಕಲ್’. ಆದರೆ ಮೊದಲನೆಯದು ‘ಗುಲಾಮನನ್ನಾಗಿ ಮಾಡು’, ‘ಒಳಗೆ ಹಾಕು’ ಅಲ್ಲ; ಇನ್ನೊಂದು ‘ಸುತ್ತುವರಿ’. ‘ಎನ್’ ಒಂದಕ್ಕೇ ವರ್ಗ, ಅರ್ಥ ಎರಡನ್ನೂ ಹೊರಿಸಿದರೆ ನಿಮಗೂ ಇದೇ ಗತಿ.

ಸಂಧಿವಿಗ್ರಹ: ಬಿಡಿಸುವ ತೊಂದರೆ ಎಸ್ಪೆರಾಂಟೊಗೂ ಇದೆ. ‘ಸೆಂತೆಮಾ’ವನ್ನು ಸೆಂತ್+ಎಮ್+ಆ ಎಂದರೆ ಸೂಕ್ಷ್ಮ ಮನಸ್ಸಿನ, ಸೆನ್+ತೆಮ್+ಆ ಎಂದರೆ ವಿಷಯವೇ ಇಲ್ಲದ. ‘ಸೆಂದಿ’ (ಕಳುಹಿಸು) ಪದದಲ್ಲಂತೂ ‘ಸೆನ್’ ಇಲ್ಲವೇ ಇಲ್ಲ.

ಪರಿಹಾರ ಆಕಾರದಲ್ಲಿದೆ. ನಿಮ್ಮ ಭಾಷೆಯಲ್ಲಿ ಪೂರ್ವಪ್ರತ್ಯಯವೆಲ್ಲ ಸ್ವರ+ವ್ಯಂಜನ, ಧಾತುವೆಲ್ಲ ವ್ಯಂಜನ+ಸ್ವರ+ವ್ಯಂಜನ ಇರಲಿ. ಆಗ ಎಡದಿಂದ ಓದುತ್ತ, ಸ್ವರ ಸಿಕ್ಕಾಗೆಲ್ಲ ಎರಡು ಧ್ವನಿ ಕತ್ತರಿಸಿ, ವ್ಯಂಜನ ಸಿಕ್ಕಲ್ಲಿಂದ ಮೂರು ಧ್ವನಿ ಧಾತು, ಉಳಿದದ್ದು ಉತ್ತರಪ್ರತ್ಯಯ. ‘ಎಕೆಂತೆರಿಗಿ’ (ಹೂಳತೊಡಗು) = ಎಕ್+ಎನ್+ತೆರ್+ಇಗ್+ಇ, ಬೇರೆ ದಾರಿಯೇ ಇಲ್ಲ. 5 ಸ್ವರ, ಕೊನೆಗೆ 8 ವ್ಯಂಜನ ಇಟ್ಟರೆ 40 ಪೂರ್ವಪ್ರತ್ಯಯ, ಧಾರಾಳವಾಯಿತು. ಧಾತುವಿನ ಮೊದಲಿಗೆ 14 ವ್ಯಂಜನವಾದರೆ 560 ಧಾತು ಮಾತ್ರ, ಸಾಲದು. ಕ್ರ, ಪ್ಲ ಥರದ ಒತ್ತಕ್ಷರವನ್ನು ಧಾತುವಿನ ಆರಂಭದಲ್ಲಿ ಬಿಟ್ಟುಕೊಳ್ಳಿ. ಕತ್ತರಿಸುವ ನಿಯಮ ಕೆಡುವುದಿಲ್ಲ, ಧಾತುವಿಗೆ ಒಂದು ಧ್ವನಿ ಹೆಚ್ಚಾಗುತ್ತದೆ ಅಷ್ಟೆ.

‘ಎನ್’, ‘ಎಮ್’ ಎರಡನ್ನೂ ಇಡಬೇಡಿ. ಪ, ಬ ಮುಂದೆ ಬಂದರೆ ನಾಲಿಗೆಗೆ ಎರಡೂ ಒಂದೇ. ಅನುಸ್ವಾರ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಸನುಡಿ: ಸ್ವರದಿಂದ ಶುರುವಾಗುವ ಎರವಲು ಹೆಸರು ಬಂದರೆ? ‘ಅಮೆರಿಕ’ದಲ್ಲಿ ‘ಅಮ್’ ಪ್ರತ್ಯಯ ಆಗಿಬಿಡುತ್ತದಲ್ಲ.

ಸಂಧಿವಿಗ್ರಹ: ಮೊದಲಿಗೆ ‘ಹ’ಕಾರ ಕಡ್ಡಾಯ ಮಾಡಿ: ‘ಹಮೆರಿಕ’. ಧಾತುಗಳಲ್ಲಿ ‘ಹ’ ಬಳಸಲೇಬೇಡಿ, ಆಗ ‘ಹ’ ಕಂಡಲ್ಲಿ ಕತ್ತರಿಸುವುದನ್ನು ನಿಲ್ಲಿಸಬಹುದು. ಧಾತುವಿನ ಆರಂಭಕ್ಕೆ 13 ವ್ಯಂಜನ ಉಳಿಯುತ್ತದೆ, ಅಂದರೆ 520.