‘ವಾಸಂತಿಕ’ ಸರಿಯೇ? ಫಲಕಕ್ಕೆ ಬೇಕು, ತುರ್ತು

ನಮಸ್ಕಾರ. ಖಗೋಳ ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾರ್ಚ್ 20ರ ಆಸುಪಾಸಿನಲ್ಲಿ ಹಗಲೂ ಇರುಳೂ ಹೆಚ್ಚುಕಡಿಮೆ ಸಮ ಆಗುವ ದಿನಕ್ಕೆ ‘ವಾಸಂತಿಕ ವಿಷುವ’ ಎಂದು ಬರೆದೆ. ಕರಡು ತಿದ್ದಿದವರು ‘ವಾಸಂತಿಕ’ಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಇದು ಹುಡುಗಿಯ ಹೆಸರೇ?’ ಎಂದು ಬರೆದಿದ್ದಾರೆ. ಪದ ಸಾಧುವೇ? ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು.

> ಪದ ಸಾಧುವೇ?

ಸಾಧುವೇ. ಯಜುರ್ವೇದದಲ್ಲೇ ‘ಮಧುಶ್ಚ ಮಾಧವಶ್ಚ ವಾಸಂತಿಕಾವೃತೂ’ ಎಂದಿದೆ. ಆದರೆ ಪಾಣಿನಿಯ ‘ವಸಂತಾಚ್ಚ’ ಸೂತ್ರ ಈ ರೂಪವನ್ನು ಛಂದಸ್ಸಿಗೆ, ಅಂದರೆ ವೇದದ ಭಾಷೆಗೆ, ಹೇಳಿದ್ದು. ಲೋಕರೂಢಿಗೆ ‘ವಾಸಂತ’, ಗ್ರೀಷ್ಮಕ್ಕೆ ಗ್ರೈಷ್ಮ, ಶರತ್ತಿಗೆ ಶಾರದ ಇದ್ದ ಹಾಗೆ. ‘ವಾಸಂತ ವಿಷುವ’ ಎಂದು ತಿದ್ದಿಕೊಳ್ಳಿ. ಅಂದಹಾಗೆ, ಸಂಸ್ಕೃತ ಕೋಶಗಳಲ್ಲಿ ವಾಸಂತಿಕ ಎಂದರೆ ನಾಟಕದ ವಿದೂಷಕನೂ ಹೌದು. ಕೆಂಪು ಗೆರೆಯವರಿಗೆ ತಿಳಿಸಿ.

> ‘ವಾಸಂತ ವಿಷುವ’ ಎಂದು ತಿದ್ದಿಕೊಳ್ಳಿ

ಫಲಕ ಓದುವ ಮಕ್ಕಳಿಗೆ ಪಾಣಿನಿಯ ಪಾಠವೇಕೆ ಸ್ವಾಮಿ? ‘ಸುಗ್ಗಿ’ ಸತ್ತಿದೆಯೇ? ಹಳಗನ್ನಡದಲ್ಲಿ ಸುಗ್ಗಿಯೆಂದರೆ ವಸಂತವೇ. ತುಳುವಿನ ಸುಗ್ಗಿ ತಿಂಗಳು ಈಗಲೂ ಮಾರ್ಚ್ ನಡುವಿನಲ್ಲಿ ಶುರುವಾಗುತ್ತದೆ. ‘ಸುಗ್ಗಿಯ ಸರಿಹಗಲು’ ಎಂದು ಬರೆಯಿರಿ, ಯಾರೂ ಕೆಂಪು ಗೆರೆ ಎಳೆಯುವುದಿಲ್ಲ.

> ‘ಸುಗ್ಗಿಯ ಸರಿಹಗಲು’

ಇವತ್ತು ಸುಗ್ಗಿಯೆಂದರೆ ಕಣ, ರಾಶಿ, ಒಕ್ಕಣೆ. ಓದುವವರು ಆಕಾಶ ಬಿಟ್ಟು ಗದ್ದೆ ನೋಡುತ್ತಾರೆ.

> ಗದ್ದೆ ನೋಡುತ್ತಾರೆ

ನೋಡಲಿ. ಆಂಡಯ್ಯ 13ನೇ ಶತಮಾನದಲ್ಲಿ ತತ್ಸಮ ಮುಟ್ಟದೆ ಇಡೀ ಕಾವ್ಯ ಬರೆದ. ನಮ್ಮಿಂದ ಒಂದು ಫಲಕ ಆಗದೇ?

> ತತ್ಸಮ ಮುಟ್ಟದೆ

ತದ್ಭವ ಬಿಟ್ಟನೇ? ಬಣ್ಣ ಬಳಿದ ಎರವಲು ಎರವಲಲ್ಲವೇ? ಇದು ಮುಗಿಯುವ ಜಗಳವಲ್ಲ, ಕೇಳಿದವರಿಗೆ ನಾಳೆ ಅಚ್ಚಿದೆ.

ಮಧ್ಯೆ ಬಾಯಿ ಹಾಕುತ್ತೇನೆ. ಇಲ್ಲಿ ಗುಣವಾಚಕದ ಹಂಗೇ ಬೇಡ. ‘ವಸಂತವಿಷುವ’ ಎಂಬ ಸಮಾಸ ಸಾಕು, ಯಾರಿಗೂ ತೊಡಕಾಗದು. ‘ಮೇಷವಿಷುವ’ ಮಾತ್ರ ಬೇಡ. ಅಯನಚಲನೆಯಿಂದ, ಅಂದರೆ ಭೂಮಿಯ ಅಕ್ಷದ ದಿಕ್ಕು ನಿಧಾನವಾಗಿ ಬದಲಾಗುವುದರಿಂದ, ಆ ದಿನ ಸೂರ್ಯನಿರುವ ಬಿಂದು ಮೇಷದಿಂದ ಜಾರಿ ಈಗ ಮೀನದಲ್ಲಿದೆ. ವಿಷುವದಿಂದಲೇ ಹೆಸರು ಪಡೆದ ವಿಷು ಹಬ್ಬ ಏಪ್ರಿಲ್ ನಡುವಿಗೆ ಬಂದು ಕೂತಿರುವುದು ಇದೇ ಕಾರಣಕ್ಕೆ. ಇನ್ನೊಂದು: ದಕ್ಷಿಣಾರ್ಧಗೋಳದಲ್ಲಿ ಅದೇ ದಿನ ಶರತ್ಕಾಲ. ಚಿತ್ರದಲ್ಲಿ ಭೂಮಿಯ ಎರಡೂ ಅರ್ಧ ಇದ್ದರೆ ವಸಂತವೂ ತಪ್ಪೇ. ‘ಮಾರ್ಚ್ ವಿಷುವ’ ಎಂದರೆ ಎರಡೂ ಕಡೆಗೆ ಸಲ್ಲುತ್ತದೆ.

> ಎರಡೂ ಅರ್ಧ ಇದ್ದರೆ

ಇದೆ. ಅದನ್ನು ಯೋಚಿಸಿಯೇ ಇರಲಿಲ್ಲ. ‘ಮಾರ್ಚ್ ವಿಷುವ’ ಎಂದೇ ಕಳಿಸಿಬಿಟ್ಟೆ. ಎಲ್ಲರಿಗೂ ಧನ್ಯವಾದ.

> ‘ಮಾರ್ಚ್ ವಿಷುವ’

ಸಂಸ್ಕೃತ ಬೇಡವೆಂದರೆ ಇಂಗ್ಲಿಷನ್ನೂ ಕರೆತಂದು ಪಕ್ಕದಲ್ಲಿ ಕೂರಿಸಿದಿರಿ. ಭೇಷ್.